ಅಟ್ಟದ ಪಿಟೀಲು ನುಡಿಯಲಿ

ಪುಣೆಯ ರಾಜಾ ದಿನಕರ ಕೇಳಕರ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಾದ್ಯಗಳಿಗೆಂದೇ ಒಂದು ವಿಭಾಗವಿದೆ. ದಿನಕರ ಕೇಳಕರ್ ಬಾಳಿಡೀ ಕೂಡಿಸಿದ ಸಂಗ್ರಹವನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಗಾಜಿನ ಹಿಂದೆ ಆ ವಾದ್ಯಗಳು ಸುಮ್ಮನಿರುವುದರಲ್ಲಿ ತಪ್ಪೇನಿಲ್ಲ. ಒಂದು ಕಾಲದ ಸಾಕ್ಷಿಯಾಗಿ ಉಳಿಯುವುದೇ ಅವುಗಳ ಕೆಲಸ. ಆದರೆ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ನೌಕರಿಗೆಂದು ಬಂದು ಪುಣೆ, ಪಿಂಪ್ರಿ-ಚಿಂಚವಾಡದಲ್ಲಿ ನೆಲೆನಿಂತ ಮನೆಗಳಲ್ಲಿ ಅಜ್ಜನದೋ ಸೋದರತ್ತೆಯದೋ ಪಿಟೀಲು ಅಟ್ಟದ ಮೇಲೆ ಉಳಿದಿದ್ದರೆ ಅದಕ್ಕೂ ಅದೇ ನ್ಯಾಯ ಅನ್ವಯಿಸಬೇಕೆ? ಕೂಡದು ಎಂಬುದು ನನ್ನ ವಾದ. ಪಿಟೀಲನ್ನು ಕಟ್ಟಿರುವುದೇ ಬಿಚ್ಚಿ, ಸರಿಪಡಿಸಿ, ಮತ್ತೆ ನುಡಿಸಲೆಂದು. ಅದನ್ನು ನುಡಿಸುವ ಸ್ಥಿತಿಗೆ ತಂದು, ಮನೆಯವರಲ್ಲಿ ಒಬ್ಬರಾದರೂ ಕಲಿಯುವುದೇ ಅದನ್ನು ಕಾಪಾಡುವ ನೇರವಾದ ದಾರಿ.

ವಾದ್ಯದ ಕಟ್ಟಡವನ್ನೇ ನೋಡಿ. ಮೇಲ್ಹಲಗೆ ಸ್ಪ್ರೂಸ್ ಎಂಬ ಮೆತ್ತನೆಯ ಮರದ್ದು, ತಳಹಲಗೆ ಮತ್ತು ಪಕ್ಕೆಗಳು ಗಟ್ಟಿಯಾದ ಮೇಪಲ್‌ನವು. ಇವನ್ನು ಕೂಡಿಸುವುದು ಪ್ರಾಣಿಗಳ ಚರ್ಮ ಕುದಿಸಿ ಮಾಡಿದ ಅಂಟು. ಮೇಲ್ಹಲಗೆಯನ್ನು ಕೂಡಿಸುವಾಗ ಈ ಅಂಟನ್ನು ಬೇಕೆಂದೇ ತೆಳುವಾಗಿ ಹಚ್ಚುತ್ತಾರೆ. ಪುಣೆಯ ಏಪ್ರಿಲ್ ಮಧ್ಯಾಹ್ನದ ಒಣಹವೆಗೆ ಮರ ಕುಗ್ಗಿದಾಗ ಮೊದಲು ಅಂಟು ಬಿಡಬೇಕು, ಮರ ಸೀಳಬಾರದು ಎಂಬುದು ಅದರ ಹಿಂದಿನ ಲೆಕ್ಕ. ಹಾಗಾಗಿ ಹಳೆಯ ಪಿಟೀಲಿನ ಅಂಚು ಬಾಯಿಬಿಟ್ಟಿರುವುದನ್ನು ಕಂಡು ‘ಇದರ ಕಥೆ ಮುಗಿಯಿತು’ ಎನ್ನುವುದು ಅವಸರದ ಮಾತು. ತಿಳಿದ ಕೈ ಬಿಸಿನೀರು ಮತ್ತು ತೆಳು ಅಲಗಿನ ಚಾಕುವಿನಿಂದ ಆ ಅಂಚನ್ನು ಬಿಡಿಸಿ, ಹಳೆಯ ಅಂಟು ತೊಳೆದು, ಮತ್ತೆ ಕೂಡಿಸಬಲ್ಲದು. ಇನ್ನೊಂದು ಸಂಗತಿ: ಪೆಟ್ಟಿಗೆ ಅಲುಗಿಸಿದಾಗ ಒಳಗೆ ಏನೋ ಲೊಡಲೊಡ ಎನ್ನುತ್ತದೆ. ಪೆನ್ಸಿಲ್‌ಗಿಂತ ತುಸು ಸಣ್ಣಗಿನ, 6 ಮಿಲಿಮೀಟರ್ ದಪ್ಪದ ಒಂದು ಮರದ ಕಡ್ಡಿ ಅದು. ಸೌಂಡ್ ಪೋಸ್ಟ್ ಎನ್ನುತ್ತಾರೆ. ತಂತಿಗಳನ್ನು ಎತ್ತಿಹಿಡಿಯುವ ಕುದುರೆಯ ಬಲಗಾಲಿನ ಹತ್ತಿರ, ಮೇಲಿನ ಮತ್ತು ಕೆಳಗಿನ ಹಲಗೆಗಳ ನಡುವೆ ಅಂಟಿಲ್ಲದೆ, ಬರೀ ಒತ್ತಡದಿಂದ ನಿಂತಿರುತ್ತದೆ. ತಂತಿಗಳನ್ನೆಲ್ಲ ಒಮ್ಮೆಲೇ ಬಿಚ್ಚಿದರೆ ಉರುಳಿಬೀಳುತ್ತದೆ. ಮುರಿದ ಚೂರೆಂದು ತಿಳಿದು ಅದನ್ನು ಎಸೆಯುವವರಿದ್ದಾರೆ. ಅದಿಲ್ಲದೆ ತಂತಿ ಬಿಗಿದರೆ ಮೇಲ್ಹಲಗೆ ಕುಸಿಯುವ ಅಪಾಯವಿದೆ, ನಾದವೂ ಟೊಳ್ಳಾಗುತ್ತದೆ.

ಹಳೆಯದನ್ನು ಮುಟ್ಟಿದರೆ ಅದರ ಹಳಮೆಯೇ ಹೋಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿರುವ, ಇಟಲಿಯ ಕ್ರೆಮೊನಾದ ಕುಶಲಕರ್ಮಿ ಸ್ಟ್ರಾಡಿವಾರಿ 1716ರಲ್ಲಿ ಮಾಡಿದ ‘ಮೆಸ್ಸಾಯ’ ಪಿಟೀಲನ್ನು ನುಡಿಸುವುದಿಲ್ಲ. ಹೆಚ್ಚು ಬಳಕೆಯಾಗದೆ, ಹೊಸದರಂತೆ ಉಳಿದದ್ದೇ ಅದರ ಬೆಲೆ. ಮುಂದಿನ ಕುಶಲಕರ್ಮಿಗಳಿಗೆ ಅದೊಂದು ಮಾದರಿ. ಆದರೆ ಅದು ಅಪವಾದ. ಪಿಟೀಲುವಾದಕ ಪಗನೀನಿ ತನ್ನ ಊರಾದ ಜಿನೋವಾಕ್ಕೆ ಬಿಟ್ಟುಹೋದ, ಕ್ರೆಮೊನಾದವನೇ ಆದ ಗ್ವರ್ನೇರಿ 1743ರಲ್ಲಿ ಮಾಡಿದ ಪಿಟೀಲನ್ನು ಆ ನಗರ ಇಂದಿಗೂ ಕಲಾವಿದರ ಕೈಗೆ ಕೊಡುತ್ತದೆ. ಆ ಕಾಲದ ಕ್ರೆಮೊನಾ ಪಿಟೀಲುಗಳಲ್ಲಿ ಹೆಚ್ಚಿನವುಗಳ ಕುತ್ತಿಗೆ, ಒಳಪಟ್ಟಿಗಳನ್ನು ನಂತರದವರು ಬದಲಿಸಿದ್ದಾರೆ. ಬದಲಿಸಿದ್ದರಿಂದಲೇ ಅವು ದೊಡ್ಡ ಸಭಾಂಗಣಗಳಲ್ಲಿ ಬಾಳಿದವು. ನಮ್ಮಲ್ಲೂ ಹಾಗೆಯೇ. 19ನೆಯ ಶತಮಾನದ ಆರಂಭದಲ್ಲಿ ಬಾಲುಸ್ವಾಮಿ ದೀಕ್ಷಿತರು ಈ ಪರದೇಶಿ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮೈಕು ಇಲ್ಲದ ಕಛೇರಿಯಲ್ಲಿ ಕೊನೆಯ ಸಾಲಿಗೂ ಕೇಳಲೆಂದು ಪಿಟೀಲು ಚೌಡಯ್ಯನವರು ನಾಲ್ಕು ತಂತಿಯನ್ನು ಏಳಕ್ಕೆ ಏರಿಸಿದರು. ಕೈಯಾಡಿಸಿದ್ದರಿಂದ ಪಿಟೀಲಿನ ಮಾನ ಹೋಗಲಿಲ್ಲ.

ಎರಡನೆಯ ಆಕ್ಷೇಪ ದುಡ್ಡಿನದು. ಒಳಗೆ ಸ್ಟ್ರಾಡಿವಾರಿಯ ಚೀಟಿ ಕಂಡು ಕೋಟಿಯ ಕನಸು ಕಾಣುವವರಿದ್ದಾರೆ. ಜರ್ಮನಿಯ ಮಾರ್ಕ್‌ನಾಯ್‌ಕಿರ್ಶೆನ್, ಫ್ರಾನ್ಸಿನ ಮಿರ್‌ಕೂರ್ ಕಡೆಯ ಕಾರ್ಖಾನೆಗಳು ಅಂಥ ಚೀಟಿ ಅಂಟಿಸಿದ ಪಿಟೀಲುಗಳನ್ನು ಲಕ್ಷಗಟ್ಟಲೆ ಮಾರಿದವು. ಚೀಟಿಯಲ್ಲಿ ದೇಶದ ಹೆಸರು ಇಂಗ್ಲಿಷಿನಲ್ಲಿದ್ದರೆ ಅದು ಬಹುಮಟ್ಟಿಗೆ 1887ರ ಬ್ರಿಟಿಷ್ ಕಾನೂನು, 1890ರ ಅಮೆರಿಕದ ಕಾನೂನುಗಳ ನಂತರದ ರಫ್ತು ಸರಕು. ಹಾಗಿದ್ದರೆ ದುರಸ್ತಿಗೆ ಸುರಿಯುವ ಹಣಕ್ಕೆ ಹೊಸದೇ ಬರುತ್ತದಲ್ಲ ಎಂಬ ಪ್ರಶ್ನೆ ಸಹಜ. ಬಂದೀತು. ಆದರೆ ಆ ಕಾರ್ಖಾನೆಯ ಪಿಟೀಲುಗಳಲ್ಲೂ ಹದವಾಗಿ ಒಣಗಿದ ಮರದವು ಬೇಕಾದಷ್ಟಿವೆ. ಹೊಸ ಅಗ್ಗದ ಪಿಟೀಲಿಗೂ ಒಳ್ಳೆಯ ಕುದುರೆ, ತಂತಿ, ಸರಿಯಾಗಿ ಕೂರುವ ಬಿರಡೆಗಳಿಗೆ ಖರ್ಚು ತಪ್ಪುವುದಿಲ್ಲ. ಮೇಲಾಗಿ ಮನೆಯವರ ಬೆರಳು ಸವೆಸಿದ ಹಲಗೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಸೌಂಡ್ ಪೋಸ್ಟಿನ ಜಾಗದಲ್ಲೇ ತಳಹಲಗೆ ಸೀಳಿದ್ದರೆ ಅಥವಾ ಹುಳು ಹೊಕ್ಕು ಮರ ಪುಡಿಯಾಗಿದ್ದರೆ ಮಾತ್ರ ಲೆಕ್ಕ ಬೇರೆ. ಅಂಥದ್ದನ್ನು ಗೋಡೆಗೆ ತೂಗುಹಾಕುವುದೇ ಲೇಸು.

ದುರಸ್ತಿ ಯಾರ ಕೈಗೆ ಎಂಬುದು ನಿಜವಾದ ಕಷ್ಟ. ಮೀರಜದಲ್ಲಿ ಸಿತಾರ, ತಂಬೂರಿ ಕಟ್ಟುವ ಮನೆತನಗಳಿವೆ, ಅವರ ಕೈಗುಣ ದೊಡ್ಡದು. ಆದರೆ ಸೋರೆಬುರುಡೆಯ ವಾದ್ಯದ ವಿದ್ಯೆ ಬೇರೆ, ಉಬ್ಬು ಹಲಗೆಯ ಪಿಟೀಲಿನದು ಬೇರೆ. ಪೀಠೋಪಕರಣದ ಬಡಗಿಗಂತೂ ಕೊಡಲೇಬಾರದು. ಫೆವಿಕಾಲ್, ಅರಲ್ಡೈಟ್ ಮೇಜಿಗೆ ಸೈ. ಪಿಟೀಲಿಗೆ ಹಚ್ಚಿದರೆ ಮುಂದಿನ ಸಲ ಬಿಡಿಸುವಾಗ ಮರವೇ ಕಿತ್ತುಬರುತ್ತದೆ. ಹಳೆಯ ವಾರ್ನಿಷ್ ಉಜ್ಜಿ ಪಾಲಿಶ್ ಹೊಡೆಸುವುದೂ ಅಂಥದೇ ಹಾನಿ. ಮುಂದಿನವರು ಬಿಚ್ಚಲು ಬರುವಂತೆ ಮಾಡಿದ್ದೇ ಒಳ್ಳೆಯ ದುರಸ್ತಿ.

ಇನ್ನು ಕಲಿಕೆ. ಐವತ್ತು ದಾಟಿದ ಮೇಲೆ ಪಿಟೀಲೇ, ಅದಕ್ಕೆ ಮೆಟ್ಟಿಲುಗಳೂ ಇಲ್ಲವಲ್ಲ ಎನ್ನುತ್ತಾರೆ. ಸ್ವರಸ್ಥಾನವನ್ನು ಕಿವಿಯೇ ಹುಡುಕಬೇಕು, ನಿಜ. ಆದರೆ ಆ ಕಿವಿ ಪುಣೆಯಲ್ಲಿ ಬಾಳಿದವರಿಗೆ ಅಷ್ಟಿಷ್ಟು ಬಂದೇ ಇರುತ್ತದೆ: ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು ಬೆಳೆಸಿದ ಉತ್ಸವ 1953ರಿಂದ ಈ ಊರಿನಲ್ಲಿ ನಡೆದುಬಂದಿದೆ. ವಿನಾಯಕಬುವಾ ಪಟವರ್ಧನರು 1932ರಲ್ಲಿ ಕಟ್ಟಿದ ಗಾಂಧರ್ವ ಮಹಾವಿದ್ಯಾಲಯದಂಥ ಶಾಲೆಗಳ ಪರಂಪರೆಯೂ ಇದೆ. ನಮ್ಮ ಕೂರುವ ಕ್ರಮವೂ ಅನುಕೂಲದ್ದೇ. ನೆಲದ ಮೇಲೆ ಕೂತು ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಬಳಿ ಊರಿದರೆ ವಾದ್ಯದ ಭಾರ ಎಡಗೈಗೆ ಬೀಳುವುದಿಲ್ಲ. ಗಮಕಕ್ಕೆ, ಮೀಂಡಿಗೆ ಕೈ ಸಲೀಸಾಗಿ ಜಾರುತ್ತದೆ. ಷಡ್ಜ-ಪಂಚಮಗಳಿಗೆ ಶ್ರುತಿ ಮಾಡುವಾಗ ತಂತಿಗಳನ್ನು ಪಾಶ್ಚಾತ್ಯರಿಗಿಂತ ಸಾಮಾನ್ಯವಾಗಿ ಇಳಿಸಿಯೇ ಕಟ್ಟುವುದರಿಂದ ಹಳೆಯ ಮರಕ್ಕೂ ಎಳೆತ ಕಡಿಮೆ. ಐವತ್ತಕ್ಕೆ ಶುರುಮಾಡಿದವರು ಕಛೇರಿಯ ವಿದ್ವಾಂಸರಾಗುವುದು ಅಪರೂಪ, ಒಪ್ಪೋಣ. ಸರಳೆ ವರಸೆಯಿಂದ ಒಂದು ದೇವರನಾಮದವರೆಗೆ ಬಂದರೂ ಮನೆಯ ಪಿಟೀಲಿಗೆ ಅದು ಸಾಕು. ದಿನವೂ ಕೈಗೆತ್ತಿಕೊಳ್ಳುವವರಿಗೇ ಬಿಟ್ಟ ಅಂಚು, ಬಾಗಿದ ಕುದುರೆ, ಕಮಾನಿನ ಕೂದಲಿಗೆ ಬಿದ್ದ ಹುಳು ಬೇಗ ಕಾಣುವುದು.

ಆದ್ದರಿಂದ ಅಂಗಡಿ ಹುಡುಕುವ ಮೊದಲು ಗುರುವನ್ನು ಹುಡುಕಿ. ಪಿಟೀಲನ್ನು ಬಿಚ್ಚದೆ ಅವರಿಗೆ ತೋರಿಸಿ; ಅದು ಪೂರ್ಣ ಅಳತೆಯದೋ ಮಕ್ಕಳ ಅಳತೆಯದೋ ಎಂದು ಮೊದಲು ಕೇಳಿ. ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಿ. ದುರಸ್ತಿಗೆ ಬಿಟ್ಟ ದಿನವೇ ಪಾಠಕ್ಕೂ ಹೆಸರು ಕೊಡಿ.