ಮಂಕಾದ ಕಪ್ಪುಕುಳಿ: ದೀಪ ಆರಿತೋ, ಪರದೆ ಬಿತ್ತೋ?

26 ವರ್ಷ ಆರದೆ ಉರಿದ ದೀಪವೊಂದು 2018ರ ಮಧ್ಯದಲ್ಲಿ ಮಂಕಾಯ್ತು. ಹೆಸರು ಜಿಆರ್‌ಎಸ್ 1915+105. ಗರುಡ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸುಮಾರು 30 ಸಾವಿರ ಜ್ಯೋತಿರ್ವರ್ಷ ದೂರದಲ್ಲಿರುವ ಜೋಡಿ ಇದು. ಒಂದು ಕಪ್ಪುಕುಳಿ, ಅದರ ಜೊತೆಗೊಂದು ನಕ್ಷತ್ರ.

ಕಪ್ಪುಕುಳಿಯಿಂದ ಬೆಳಕೇ ಹೊರಬರಲ್ಲ ಅಂತಾರಲ್ಲ, ಮತ್ತೆ ಉರಿಯೋದು ಏನು? ಪಕ್ಕದ ನಕ್ಷತ್ರದಿಂದ ಎಳೆದುಕೊಂಡ ಅನಿಲ. ಅದು ನೇರವಾಗಿ ಒಳಗೆ ಬೀಳದೆ ತಟ್ಟೆಯ ಹಾಗೆ ಸುತ್ತುತ್ತಾ ಸರಿಯುತ್ತೆ. ತಟ್ಟೆಯ ಒಳಅಂಚು ಲಕ್ಷಾಂತರ ಡಿಗ್ರಿ ಕಾದು ಎಕ್ಸ್‌-ರೇ ಚೆಲ್ಲುತ್ತೆ. ಆಸ್ಪತ್ರೆಯಲ್ಲಿ ಮೂಳೆ ನೋಡೋಕೆ ಬಳಸುವ ಅದೇ ಎಕ್ಸ್‌-ರೇ. ಭೂಮಿಯ ಗಾಳಿ ಅದನ್ನು ತಡೆಯುವುದರಿಂದ ಉಪಗ್ರಹದಿಂದಲೇ ನೋಡಬೇಕು. 1992ರಲ್ಲಿ ಇದನ್ನು ಪತ್ತೆ ಹಚ್ಚಿದ್ದು ರಷ್ಯಾದ ಗ್ರಾನಾಟ್. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಕೂಡ ಇದನ್ನು ಹಲವು ಸಲ ನೋಡಿದೆ.

ಉರಿಯುತ್ತಿದ್ದ ಕಾಲದಲ್ಲೂ ಇದು ಒಂದೇ ಸಮ ಇರಲಿಲ್ಲ. ಹೊಳಪು ಏರಿಳಿಯುವ ಹತ್ತಕ್ಕೂ ಹೆಚ್ಚು ಬಗೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಒಂದು ಬಗೆಯಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ ಭಗ್ಗನೆ ಹೊತ್ತಿ ಇಳಿಯುತ್ತೆ. ಗೆರೆ ಎಳೆದರೆ ಥೇಟ್ ಇಸಿಜಿ. ಅದಕ್ಕೇ 'ಹೃದಯಬಡಿತ' ಅಂತ ಹೆಸರು. ಒಳಗೆ ಅನಿಲ ತುಂಬಿದಂತೆ ಕಾವು ಏರುತ್ತೆ, ಬೆಳಕಿನ ಒತ್ತಡವೇ ಆ ಅನಿಲವನ್ನು ಆಚೆ ದಬ್ಬುತ್ತೆ, ಜಾಗ ಖಾಲಿಯಾಗಿ ಮತ್ತೆ ತುಂಬುತ್ತೆ. ಸ್ಟವ್ ಮೇಲಿನ ಹಾಲು ಉಕ್ಕಿ, ಇಳಿದು, ಮತ್ತೆ ಉಕ್ಕಿದ ಹಾಗೆ.

ಇಂಥ ಜೋಡಿಗಳಲ್ಲಿ ಬಹಳಷ್ಟು ಕೆಲವೇ ತಿಂಗಳು ಉರಿದು ತಣ್ಣಗಾಗುತ್ತವೆ. ಇದು ಕಾಲು ಶತಮಾನ ಎಳೆದದ್ದೇ ವಿಚಿತ್ರ. ಹಾಗಾಗಿ 2018ರಲ್ಲಿ ಹೊಳಪು ಇಳಿದಾಗ, ಸರಿ, ಸರಕು ಮುಗೀತು ಅನ್ನೋ ಊಹೆ ಸಹಜವಾಗಿತ್ತು.

2019ರಲ್ಲಿ ಆ ಲೆಕ್ಕ ತಪ್ಪಿತು. ಎಕ್ಸ್‌-ರೇ ಮಂಕಾಗಿಯೇ ಇತ್ತು, ರೇಡಿಯೋ ಅಲೆಗಳು ಮಾತ್ರ ಜೋರಾಗಿ ಬರತೊಡಗಿದವು. ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ದೂರದರ್ಶಕವೂ ಅದನ್ನು ದಾಖಲಿಸಿತು. ರೇಡಿಯೋ ಅಲೆ ಹುಟ್ಟುವುದು ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಧಾರೆಗಳಲ್ಲಿ. ಒಳಗೆ ಅನಿಲ ಬೀಳದೆ ಅಷ್ಟು ಬಲವಾದ ಧಾರೆ ಚಿಮ್ಮಲ್ಲ. ಎಕ್ಸ್‌-ರೇಯನ್ನು ಬಿಡಿಸಿ ನೋಡಿದಾಗ ಉತ್ತರ ಸಿಕ್ಕಿತು: ದಟ್ಟ ಅನಿಲ ಅಡ್ಡ ನಿಂತಿದೆ. ಅಂಗಡಿಯವರ ಮಾತಲ್ಲಿ ಹೇಳೋದಾದರೆ, ಶಟರ್ ಎಳೆದಿದೆ, ಒಳಗೆ ವ್ಯಾಪಾರ ನಡೆದೇ ಇದೆ. ಆ ಮಂಕಿನ ನಡುವೆಯೇ ಆಗಾಗ ಎಕ್ಸ್‌-ರೇ ಭುಗಿಲೆದ್ದು ಕಂಡದ್ದೂ ಉಂಟು.

ಇದರಿಂದ ಇನ್ನೊಂದು ತಲೆನೋವು ಶುರುವಾಗಿದೆ. ಎಕ್ಸ್‌-ರೇ ಕಮ್ಮಿ ಅನ್ನುವ ಒಂದೇ ಕಾರಣಕ್ಕೆ 'ತಿನ್ನೋದು ನಿಲ್ಲಿಸಿದೆ' ಎಂದು ಬರೆದಿಟ್ಟ ಬೇರೆ ಕಪ್ಪುಕುಳಿಗಳಲ್ಲಿ ಎಷ್ಟು ನಿಜಕ್ಕೂ ಹಸಿದಿವೆ, ಎಷ್ಟು ಹೀಗೆ ಪರದೆ ಹಿಂದೆ ಊಟಕ್ಕೆ ಕೂತಿವೆ?