ಬೀಗ ಅಪ್ಪನದು, ಕೀಲಿ ಮಗನ ಕೈಲಿ!

ಜಗಳೂರು: ಮಕ್ಕಳು ಮೊಬೈಲಿನಲ್ಲಿ ಏನು ನೋಡುತ್ತಾರೆ, ಎಷ್ಟು ಹೊತ್ತು ಆಡುತ್ತಾರೆ, ಎಲ್ಲಿ ತಿರುಗುತ್ತಾರೆ ಎಂಬುದನ್ನು ಅಪ್ಪ ಅಮ್ಮನಿಗೆ ಕೂತಲ್ಲೇ ತೋರಿಸುವ ಆ್ಯಪುಗಳು ಬಂದು ವರ್ಷಗಳಾದವು. ಬಹಳ ಸಂತೋಷ. ಆದರೆ ಆ ಆ್ಯಪನ್ನು ಅಪ್ಪನ ಮೊಬೈಲಿಗೆ ಹಾಕಿಕೊಡುವವರು ಯಾರು ಸ್ವಾಮಿ? ಮಗನೇ!

ಅಪ್ಪನಿಗೆ ಫೋನ್ ಮಾಡೋಕೆ ಬರುತ್ತೆ, ವಾಟ್ಸಪ್ಪಿನಲ್ಲಿ ಬಂದ ವಿಡಿಯೋ ನೋಡೋಕೆ ಬರುತ್ತೆ, ಹೆಚ್ಚೆಂದರೆ ಫೋನ್ ಪೇನಲ್ಲಿ ದುಡ್ಡು ಹಾಕೋಕೆ ಬರುತ್ತೆ. ಜೀಮೇಲ್ ಪಾಸ್‌ವರ್ಡ್ ಏನು ಅಂತ ಕೇಳಿದರೆ "ಹುಡುಗನಿಗೆ ಗೊತ್ತೈತೆ ನೋಡ್ರಿ" ಎಂಬ ಉತ್ತರ. ಬೀಗ ಹಾಕುವವನಿಗೆ ಬೀಗದ ಸಂಗತಿ ತಿಳಿಯದು. ಯಾರಿಗಾಗಿ ಬೀಗ ಹಾಕಬೇಕೋ ಅವನ ಜೇಬಿನಲ್ಲೇ ಕೀಲಿ. ಜಗಳೂರಿನಂಥ ತಾಲೂಕಿನಲ್ಲಿ ಮಕ್ಕಳ ಮೊಬೈಲ್ ಕಾವಲಿನ ಮೊದಲ ಪ್ರಶ್ನೆ ಯಾವ ಆ್ಯಪ್ ಒಳ್ಳೆಯದು ಎಂಬುದಲ್ಲ, ಕೀಲಿ ಯಾರ ಹತ್ತಿರ ಇದೆ ಎಂಬುದು.

ಮೊಬೈಲ್ ಬಂದ ದಾರಿ

ಮಕ್ಕಳ ಕೈಗೆ ಮೊಬೈಲ್ ಕೊಟ್ಟವರು ಯಾರು ಎಂದು ಈಗ ಜಗಳ ಆಡಿ ಪ್ರಯೋಜನವಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಶಾಲೆಗಳ ಬಾಗಿಲು ಮುಚ್ಚಿದವು. ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠ ಬಂತು, ಮೇಷ್ಟ್ರು ವಾಟ್ಸಪ್ ಗುಂಪು ಮಾಡಿದರು, ಮನೆಪಾಠ ಮೊಬೈಲಿಗೆ ಬಂತು. ಸಾಲ ಮಾಡಿ ಮೊಬೈಲ್ ತಂದ ಮನೆಗಳೂ ಉಂಟು. 2021ರಲ್ಲಿ ಶಾಲೆಗಳು ಹಂತಹಂತವಾಗಿ ತೆರೆದವು. ಮಕ್ಕಳು ಶಾಲೆಗೆ ವಾಪಸ್ ಹೋದರು, ಮೊಬೈಲ್ ಮಾತ್ರ ಅವರ ಕೈ ಬಿಡಲಿಲ್ಲ.

ಪ್ರಥಮ್ ಸಂಸ್ಥೆಯ 'ಅಸರ್' 2024ರ ವರದಿ ದೇಶದ ಹಳ್ಳಿಗಾಡಿನ 14ರಿಂದ 16 ವಯಸ್ಸಿನ ಮಕ್ಕಳ ಲೆಕ್ಕ ಕೊಟ್ಟಿದೆ. ನೂರಕ್ಕೆ ಹತ್ತಿರ ಹತ್ತಿರ 90 ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, 82 ಮಕ್ಕಳಿಗೆ ಅದನ್ನು ಬಳಸಲು ಬರುತ್ತದೆ. ಬಳಸಲು ಬರುವವರಲ್ಲಿ ಹಿಂದಿನ ವಾರ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಹಿಡಿದವರು 57, ಸಾಮಾಜಿಕ ಜಾಲತಾಣಕ್ಕೆ ಹಿಡಿದವರು 76. ಇನ್ನೊಂದು ಅಂಕಿಯನ್ನು ಎಲ್ಲರೂ ಗಮನಿಸಬೇಕು. ಬಳಸಲು ಬರುವ ಹುಡುಗರಲ್ಲಿ ನೂರಕ್ಕೆ 36 ಜನರ ಬಳಿ, ಹುಡುಗಿಯರಲ್ಲಿ 27 ಜನರ ಬಳಿ ಮಾತ್ರ ಸ್ವಂತ ಫೋನ್ ಇದೆ. ಉಳಿದವರದೆಲ್ಲ ಅಪ್ಪನದೋ, ಅಮ್ಮನದೋ, ಅಣ್ಣನದೋ ಮೊಬೈಲ್.

ಎರಡು ಫೋನಿನ ಲೆಕ್ಕ

ಇಲ್ಲೇ ಇರುವುದು ಗಂಟು. ಈ ಕಾವಲು ಆ್ಯಪುಗಳನ್ನು ಕಟ್ಟಿದವರು ಮನೆಯಲ್ಲಿ ಎರಡು ಫೋನ್ ಇರುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಒಂದು ಪೋಷಕರದು, ಒಂದು ಮಗುವಿನದು. ಗೂಗಲ್ ಕಂಪನಿ 2017ರಲ್ಲಿ ಬಿಟ್ಟ 'ಫ್ಯಾಮಿಲಿ ಲಿಂಕ್' ಅನ್ನೇ ತಗೊಳ್ಳಿ. ದುಡ್ಡು ಕೊಡಬೇಕಿಲ್ಲ. ಮಗುವಿಗೆ ಪ್ರತ್ಯೇಕ ಗೂಗಲ್ ಖಾತೆ ಮಾಡಿ ಪೋಷಕರ ಖಾತೆಗೆ ಜೋಡಿಸಬೇಕು. ಆಮೇಲೆ ದಿನಕ್ಕೆ ಇಷ್ಟೇ ಗಂಟೆ ಎಂದು ಮಿತಿ ಹಾಕಬಹುದು, ರಾತ್ರಿ ಇಂಥ ಹೊತ್ತಿಗೆ ಫೋನ್ ಮಲಗುವಂತೆ ಮಾಡಬಹುದು, ಹೊಸ ಆ್ಯಪ್ ಇಳಿಸುವ ಮುಂಚೆ ಅಪ್ಪನ ಅಪ್ಪಣೆ ಕೇಳುವಂತೆ ಮಾಡಬಹುದು, ಮಗುವಿನ ಫೋನ್ ಎಲ್ಲಿದೆ ಎಂದೂ ನೋಡಬಹುದು.

ಬೆಂಗಳೂರಿಗೆ ಗುಳೆ ಹೋಗಿ, ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟವರಿಗೆ ಇದು ನಿಜಕ್ಕೂ ಉಪಕಾರಿ. ಅಲ್ಲಿಂದಲೇ ರಾತ್ರಿ ಹತ್ತಕ್ಕೆ ಮಗನ ಫೋನ್ ಮಲಗಿಸಬಹುದು.

ಆದರೆ ಒಂದೇ ಫೋನಿನ ಮನೆಗೆ ಈ ಲೆಕ್ಕ ಹೊಂದುವುದಿಲ್ಲ. ಬೆಳಿಗ್ಗೆ ಅಪ್ಪನ ಜೊತೆ ದಾವಣಗೆರೆ ಬಸ್ಸು ಹತ್ತುವ ಮೊಬೈಲು ಸಂಜೆ ಮಗಳ ಕೈಗೆ ಬರುತ್ತದೆ, ರಾತ್ರಿ ಅಮ್ಮನ ಧಾರಾವಾಹಿಗೆ ಹೋಗುತ್ತದೆ. ಅದರಲ್ಲಿರುವುದು ಅಪ್ಪನ ಹೆಸರಿನ ಖಾತೆ, ಅಪ್ಪನ ವಯಸ್ಸು. ಕೂತು ನೋಡುತ್ತಿರುವುದು ಹತ್ತು ವರ್ಷದ ಮಗು ಎಂದು ಆ ಫೋನಿಗೆ ಹೇಗೆ ತಿಳಿಯಬೇಕು? ನಲವತ್ತು ವರ್ಷದವನಿಗೆ ತೋರಿಸುವುದನ್ನೇ ಅದಕ್ಕೂ ತೋರಿಸುತ್ತದೆ.

ಗಲ್ಲಾ ಪೆಟ್ಟಿಗೆ ಮಗುವಿನ ಕೈಗೆ

ಅಂಗಡಿಯವರ ಪಾಡು ಇನ್ನೂ ವಿಚಿತ್ರ. ಗಲ್ಲಾ ಪೆಟ್ಟಿಗೆಗೆ ಸ್ವಂತ ತಮ್ಮ ಕೈ ಹಾಕಿದರೂ ಸಹಿಸದ ಯಜಮಾನರು, ಮಗು ಅತ್ತರೆ "ತಗೋ, ಆಡ್ಕೋ ಹೋಗು" ಎಂದು ಮೊಬೈಲ್ ಕೊಟ್ಟು ಗಿರಾಕಿ ನೋಡುತ್ತಾರೆ. ಗಲ್ಲಾ ಪೆಟ್ಟಿಗೆಯೇ ಈಗ ಆ ಮೊಬೈಲಿನೊಳಗೆ ಇದೆ ಎಂಬುದು ಮರೆತು ಹೋಗಿರುತ್ತದೆ. ಬ್ಯಾಂಕಿನ ಆ್ಯಪು ಅದರಲ್ಲೇ, ಓಟಿಪಿ ಬರುವುದು ಅದಕ್ಕೇ. "ಆ ಪಾರ್ಟಿಗೆ ಎರಡು ಸಾವಿರ ಹಾಕಿಬಿಡೋ" ಎಂದು ಅಪ್ಪನೇ ಹೇಳಿ ಹೇಳಿ ಪಿನ್ ನಂಬರು ಮಗನಿಗೆ ಬಾಯಿಪಾಠ ಆಗಿರುತ್ತದೆ.

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಒಳ್ಳೆಯ ಕೆಲಸ. ಆದರೆ ಬೇರೆ ಆಟಗಳಲ್ಲಿ ಬಂದೂಕಿಗೆ ಇಷ್ಟು, ಅಂಗಿಗೆ ಇಷ್ಟು ಎಂದು ದುಡ್ಡು ಎಳೆಯುವುದು ನಿಂತಿಲ್ಲ. ವಾಟ್ಸಪ್ಪಿನಲ್ಲಿ ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಫೈಲನ್ನು ಮಗು ಒತ್ತಿದರೂ ಅಷ್ಟೇ, ಅಪ್ಪ ಒತ್ತಿದರೂ ಅಷ್ಟೇ.

ಒಂದೇ ಫೋನ್ ಇರುವವರೂ ಕೈ ಕಟ್ಟಿ ಕೂರಬೇಕಿಲ್ಲ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ 'ಫ್ಯಾಮಿಲಿ' ಎಂಬಲ್ಲಿ 'ಪೇರೆಂಟಲ್ ಕಂಟ್ರೋಲ್ಸ್' ಇದೆ. ಅಲ್ಲಿ ಪಿನ್ ಹಾಕಿದರೆ ಮಕ್ಕಳಿಗೆ ತಕ್ಕದ್ದಲ್ಲದ ಆಟಗಳು ಇಳಿಯುವುದಿಲ್ಲ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬಹುದು. ಯೂಟ್ಯೂಬಿನಲ್ಲಿ 'ರಿಸ್ಟ್ರಿಕ್ಟೆಡ್ ಮೋಡ್' ಇದೆ, ಸಣ್ಣ ಮಕ್ಕಳಿಗೆ 'ಯೂಟ್ಯೂಬ್ ಕಿಡ್ಸ್' ಎಂಬ ಬೇರೆ ಆ್ಯಪೇ ಇದೆ. ಬಹಳಷ್ಟು ಫೋನುಗಳಲ್ಲಿ ಒಂದೇ ಆ್ಯಪನ್ನು ತೆರೆದು ಮಿಕ್ಕದ್ದಕ್ಕೆಲ್ಲ ಬೀಗ ಹಾಕಿ ಕೊಡುವ 'ಪಿನ್' ಅನುಕೂಲವೂ ಉಂಟು. ಇಷ್ಟು ಮಾಡಲು ಅರ್ಧ ಗಂಟೆ ಸಾಕು. ಒಂದೇ ಷರತ್ತು: ಪಿನ್ ನಂಬರನ್ನು ಅಪ್ಪನೋ ಅಮ್ಮನೋ ತಾವೇ ಹಾಕಬೇಕು. ಯುಪಿಐ ಪಿನ್ನನ್ನು ಇವತ್ತೇ ಬದಲಾಯಿಸಬೇಕು.

ಬೆದರುಬೊಂಬೆ ಎಷ್ಟು ದಿನ?

ಮೆಕ್ಕೆಜೋಳದ ಹೊಲಕ್ಕೆ ಬೆದರುಬೊಂಬೆ ನಿಲ್ಲಿಸಿದರೆ ನಾಲ್ಕು ದಿನ ಹಕ್ಕಿ ಹೆದರುತ್ತವೆ. ಐದನೇ ದಿನ ಅದರ ತಲೆ ಮೇಲೇ ಕೂರುತ್ತವೆ. ಆ್ಯಪುಗಳ ಹಣೆಬರಹವೂ ಅಷ್ಟೇ. ಅಪ್ಪ ಚಾಪೆ ಕೆಳಗೆ ತೂರಿದರೆ ಮಗ ರಂಗೋಲಿ ಕೆಳಗೆ ತೂರುತ್ತಾನೆ. ಹುಟ್ಟಿದ ವರ್ಷ ಹಿಂದಕ್ಕೆ ಹಾಕಿ ಇನ್ನೊಂದು ಖಾತೆ ತೆರೆಯುತ್ತಾನೆ. ತನ್ನ ಫೋನ್ ಮಲಗಿದರೆ ಗೆಳೆಯನದು ಎದ್ದಿರುತ್ತದೆ. ಬಿಳಿಚೋಡು, ಅಸಗೋಡು, ಸೊಕ್ಕೆ, ಪಲ್ಲಾಗಟ್ಟೆ ಕಡೆಯಿಂದ ಬಸ್ಸಿನಲ್ಲಿ ಓದಲು ಬರುವ ಹುಡುಗರಲ್ಲಿ ಒಬ್ಬನ ಕೈಲಿ ಫೋನ್ ಇದ್ದರೆ ಸೀಟಿನ ಮೂವರಿಗೂ ಸಿನಿಮಾ.

ಆ್ಯಪಿಗೆ ಕಾಣದ್ದೂ ಬಹಳ ಇದೆ. ಫ್ಯಾಮಿಲಿ ಲಿಂಕ್ ಮಗುವಿನ ಸಂದೇಶಗಳನ್ನು ಓದಿಸುವುದಿಲ್ಲ, ಫೋನ್ ಮಾತು ಕೇಳಿಸುವುದಿಲ್ಲ. ಇನ್‌ಸ್ಟಾಗ್ರಾಂ 2025ರ ಫೆಬ್ರವರಿಯಲ್ಲಿ ಭಾರತಕ್ಕೂ ತಂದ ಹದಿಹರೆಯದವರ ಖಾತೆಯಲ್ಲಿ, ಜೋಡಿಸಿಕೊಂಡ ಪೋಷಕರಿಗೆ ಕಳೆದ ಏಳು ದಿನ ಮಗು ಯಾರ್‍ಯಾರಿಗೆ ಸಂದೇಶ ಕಳಿಸಿತು ಎಂಬ ಹೆಸರು ಕಾಣುತ್ತದೆ, ಒಳಗಿನ ಮಾತು ಕಾಣುವುದಿಲ್ಲ. 16 ತುಂಬದವರು ಅದರ ಕಟ್ಟುಪಾಡು ಸಡಿಲಿಸಬೇಕಾದರೆ ಪೋಷಕರು ಒಪ್ಪಬೇಕು. ಆದರೆ ಹುಡುಗ ಖಾತೆ ತೆರೆಯುವಾಗಲೇ ತನಗೆ ಇಪ್ಪತ್ತು ಎಂದಿದ್ದರೆ?

ಕದ್ದು ನೋಡುವ ಆ್ಯಪು

ಇಷ್ಟು ಸಾಲದು ಎನ್ನುವವರಿಗೆ ಇನ್ನೊಂದು ಬಗೆಯ ಆ್ಯಪುಗಳು ಗಾಳ ಹಾಕುತ್ತವೆ. ಮಗುವಿಗೆ ಗೊತ್ತಾಗದಂತೆ ಸಂದೇಶ, ಫೋಟೋ, ಮಾತು ಎಲ್ಲವನ್ನೂ ತೋರಿಸುತ್ತೇವೆ ಎಂಬ ಜಾಹೀರಾತು. ಇವುಗಳಿಂದ ದೂರ ಇರುವುದು ಕ್ಷೇಮ. ಮಗುವಿನ ಫೋಟೋಗಳು ಅಪ್ಪನಿಗೆ ತಲುಪುವ ಮೊದಲು ಯಾರದೋ ಕಂಪ್ಯೂಟರಿಗೆ ಹೋಗಿರುತ್ತವೆ. 2018ರಲ್ಲಿ ಅಮೆರಿಕದ 'ಟೀನ್‌ಸೇಫ್' ಎಂಬ ಕಾವಲು ಆ್ಯಪಿನಿಂದಲೇ ಸಾವಿರಾರು ಖಾತೆಗಳ ವಿವರ, ಮಕ್ಕಳ ಪಾಸ್‌ವರ್ಡ್ ಸಮೇತ, ಬಯಲಿಗೆ ಬಿದ್ದಿತ್ತು. 'ಸ್ಪೈಫೋನ್' ಎಂಬ ಕದ್ದು ನೋಡುವ ಆ್ಯಪಿನ ಕಂಪನಿಗೆ ಈ ವ್ಯಾಪಾರವೇ ಕೂಡದು ಎಂದು ಅಲ್ಲಿನ ಸರ್ಕಾರಿ ಆಯೋಗ 2021ರಲ್ಲಿ ಕ್ರಮ ಕೈಗೊಂಡಿತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟರು. ಆ ಮೊಕದ್ದಮೆ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಗಂತ ಹತ್ತು ವರ್ಷದ ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡಿ ಎಂದು ಅರ್ಥವಲ್ಲ. ಸಣ್ಣ ಮಗುವಿಗೆ ಕಾವಲು ಬೇಕೇ ಬೇಕು. ಆದರೆ ಪಿಯುಸಿ ಓದುವ ಮಗಳ ಪ್ರತಿ ಮಾತನ್ನೂ ಕದ್ದು ಓದುವುದು ಕಾವಲಲ್ಲ, ಅನುಮಾನ.

ಈ ಅನುಮಾನ ಹೆಣ್ಮಕ್ಕಳ ಮೇಲೇ ಹೆಚ್ಚು ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಮಗ ರಾತ್ರಿ ಹನ್ನೆರಡರ ತನಕ ಆಟ ಆಡಿದರೆ "ಹುಡುಗು ಬುದ್ಧಿ". ಮಗಳಿಗೆ ಒಂದು ತಪ್ಪು ಸಂದೇಶ ಬಂದರೆ ಮೊಬೈಲ್ ಬಂದ್, ಕೆಲವು ಮನೆಗಳಲ್ಲಿ ಕಾಲೇಜೂ ಬಂದ್. ಸಂದೇಶ ಕಳಿಸಿದವನು ಆರಾಮಾಗಿ ತಿರುಗುತ್ತಾನೆ, ಓದು ಬಿಡುವುದು ಹುಡುಗಿ.

ಬೀಗಕ್ಕಿಂತ ಬಾಗಿಲು ಮುಖ್ಯ

ಆ ಹುಡುಗಿ ಮುಂದಿನ ಸಲ ಅಪ್ಪನಿಗೆ ಹೇಳುತ್ತಾಳೆಯೇ? ಹೇಳುವುದಿಲ್ಲ. ಯಾರೋ ಫೋಟೋ ಇಟ್ಟುಕೊಂಡು ಹೆದರಿಸಿದರೂ, ದುಡ್ಡು ಕೇಳಿದರೂ ಒಬ್ಬಳೇ ಒಳಗೊಳಗೇ ಬೇಯುತ್ತಾಳೆ. ಹೆದರಿಸುವವನಿಗೆ ಬೇಕಾದದ್ದೂ ಅದೇ. ಯಾವ ಆ್ಯಪೂ ಹಿಡಿಯಲಾರದ ಅಪಾಯ ಇದು. ಇಲ್ಲಿ ಮಗುವನ್ನು ಉಳಿಸುವುದು "ಅಪ್ಪ, ಹಿಂಗಾಗೈತೆ" ಎಂದು ಬಂದು ಹೇಳುವ ಧೈರ್ಯ ಒಂದೇ. ಆ ಧೈರ್ಯ ಬರಬೇಕಾದರೆ, ಹೇಳಿದರೆ ಮೊಬೈಲ್ ಕಿತ್ತುಕೊಳ್ಳುವುದಿಲ್ಲ, ಹೊಡೆಯುವುದಿಲ್ಲ, ಓದು ಬಿಡಿಸುವುದಿಲ್ಲ ಎಂಬ ಭರವಸೆ ಮೊದಲೇ ಸಿಕ್ಕಿರಬೇಕು.

ಆ್ಯಪ್ ಹಾಕುವುದಾದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನು ಕಾಣುತ್ತದೆ, ಯಾಕೆ ಹಾಕುತ್ತಿದ್ದೇವೆ, ಯಾವಾಗ ತೆಗೆಯುತ್ತೇವೆ ಎಂದು ಹೇಳಿ ಹಾಕಬೇಕು. ಊಟದ ಹೊತ್ತಿಗೆ ಎಲ್ಲರ ಫೋನೂ ಗೂಡಿನಲ್ಲಿ ಎಂದಾದರೆ ಅಪ್ಪನದೂ ಗೂಡು ಸೇರಬೇಕು. ಅಪ್ಪ ರೀಲ್ಸ್ ನೋಡುತ್ತಾ "ಓದ್ಕೋ" ಎಂದರೆ ಯಾವ ಮಗ ಕೇಳುತ್ತಾನೆ?

ಚಟ ಕೈ ಮೀರಿದ್ದರೆ ಬೈಗುಳ ಔಷಧಿ ಆಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದಕ್ಕೆಂದೇ ಇದೆ. ಅಷ್ಟು ದೂರ ಹೋಗಲಾಗದವರು ಟೆಲಿ-ಮನಸ್ ನಂಬರು 14416ಕ್ಕೆ ಫೋನ್ ಮಾಡಬಹುದು. ಮಕ್ಕಳ ಸಹಾಯವಾಣಿ 1098. ದುಡ್ಡು ಹೋದರೆ ಕೂಡಲೇ 1930. ನಾಚಿಕೆ ಪಟ್ಟು ಎರಡು ದಿನ ಬಿಟ್ಟರೆ ದುಡ್ಡು ಊರು ದಾಟಿರುತ್ತದೆ.

ಯಾರು ಕಲಿಸಬೇಕು?

2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲ ಮಕ್ಕಳೇ ಎನ್ನುತ್ತದೆ. ಅವರ ವಿವರ ಬಳಸಲು ಕಂಪನಿಗಳು ಪೋಷಕರ ಒಪ್ಪಿಗೆ ಪಡೆಯಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಒಪ್ಪಿಗೆಯ ಭಾಗ ಜಾರಿಗೆ 18 ತಿಂಗಳ ಗಡುವಿದೆ. ಕಾನೂನು ಸರಿ. ಆದರೆ ಒಪ್ಪಿಗೆ ಕೇಳುವ ಸಂದೇಶ ಬರುವುದು ಅಪ್ಪನ ಮೊಬೈಲಿಗೆ, ಆ ಮೊಬೈಲ್ ಇರುವುದು ಮಗನ ಕೈಲಿ. 'ಒಪ್ಪಿದೆ' ಎಂದು ಒತ್ತುವವರು ಯಾರು ಎಂದು ಬಿಡಿಸಿ ಹೇಳಬೇಕೇ?

ಆದ್ದರಿಂದ ಮೊದಲು ಕಲಿಯಬೇಕಾದವರು ದೊಡ್ಡವರು. ತಾಲೂಕಿನ ಶಾಲೆಗಳಲ್ಲಿ ಎಸ್‌ಡಿಎಂಸಿ ಸಭೆ ನಡೆಯುತ್ತದೆ. ಬಿಸಿಯೂಟದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಕೊಡಬಹುದು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಹೆಸರಿಗೆ ತಕ್ಕಂತೆ ಅಲ್ಲಿ ತಿಂಗಳಿಗೊಂದು ಸಂಜೆ ಅಪ್ಪ ಅಮ್ಮಂದಿರಿಗೆ ಪಾಠ ಆಗಲಿ. ಮೊಬೈಲ್ ಅಂಗಡಿಯವರ ಪಾತ್ರವಂತೂ ದೊಡ್ಡದು. ಹೊಸ ಫೋನ್ ಮಾರಿದಾಗ ಅವಸರದಲ್ಲಿ ಏನೋ ಒಂದು ಜೀಮೇಲ್ ಮಾಡಿಕೊಟ್ಟು, ಪಾಸ್‌ವರ್ಡ್ ಗಿರಾಕಿಗೂ ಗೊತ್ತಿಲ್ಲದಂತೆ ಕಳಿಸುವ ಬದಲು, "ಮನೇಲಿ ಮಕ್ಕಳು ಅದಾರೇನ್ರಿ?" ಎಂದು ಒಂದು ಮಾತು ಕೇಳಿ, ಪಿನ್ ಹಾಕಿಸಿ, ಚೀಟಿಯಲ್ಲಿ ಬರೆದುಕೊಟ್ಟರೆ ಗಿರಾಕಿ ಇನ್ನೊಮ್ಮೆ ಅದೇ ಅಂಗಡಿಗೆ ಬರುತ್ತಾನೆ.

ಶಿಕ್ಷಣ ಇಲಾಖೆಯವರು, ಪಂಚಾಯಿತಿಯವರು ಇತ್ತ ಗಮನ ಹರಿಸಲಿ. ಅವರು ಹರಿಸುವ ತನಕ ಕಾಯದೆ, ಇವತ್ತು ಸಂಜೆ ಮನೆಗೆ ಹೋದ ಮೇಲೆ ಅಪ್ಪಂದಿರು ಮಗನನ್ನೇ ಕರೆದು "ಬಾರಪ್ಪ, ಇದನ್ನ ನಂಗೂ ಒಂಚೂರು ಹೇಳಿಕೊಡು" ಎಂದು ಪಕ್ಕದಲ್ಲಿ ಕೂರಲಿ. ಕೀಲಿ ಅಪ್ಪನ ಕೈಗೂ ಬರುತ್ತದೆ, ಮಗನ ಜೊತೆ ಎರಡು ಮಾತೂ ಆಗುತ್ತದೆ.