ಬೋರಲಾದರೂ ಬೀಳದ ರೆಕ್ಕೆ

ಚಿಕ್ಕೋಡಿಯ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಥರ್ಮೋಕೋಲ್ ಕೊರೆದು ರಿಮೋಟ್ ವಿಮಾನ ಮಾಡುತ್ತಾನೆ. ಅವನ ಪ್ರಶ್ನೆ ಅವನ ಮಾತಿನಲ್ಲೇ ಇರಲಿ: “ಸರ್, ರೆಕ್ಕಿ ಮ್ಯಾಲಿನ ಉಬ್ಬಿನಿಂದ ವಿಮಾನ ಏರತೈತಿ ಅಂತ ಪುಸ್ತಕದಾಗ ಐತಿ. ಹಂಗಾದ್ರ ಏರ್ ಶೋದಾಗ ಬೋರಲ ಹಾರೂ ವಿಮಾನ ಯಾಕ ಬೀಳೂದಿಲ್ಲ? ಲಾಗಾ ಹಾಕೂ ವಿಮಾನ ನಾನ ಮಾಡಬೇಕಂದ್ರ ರೆಕ್ಕಿ ಹೆಂಗ ಕೊರೀಬೇಕು?”

ಎಂಥ ಒಳ್ಳೆಯ ಪ್ರಶ್ನೆ! ನಮ್ಮ ಎಷ್ಟೋ ಪಾಠಪುಸ್ತಕಗಳು ಇದರ ಮುಂದೆ ಬೋರಲು ಬೀಳುತ್ತವೆ.

ಪುಸ್ತಕದ ಕಥೆ ಗೊತ್ತಿರುವಂಥದ್ದೇ. ಗಾಳಿ ರೆಕ್ಕೆಯ ಮೂತಿಗೆ ಬಡಿದು ಎರಡು ಪಾಲಾಗುತ್ತದೆ. ಮೇಲೆ ಉಬ್ಬು ಇರುವುದರಿಂದ ಮೇಲಿನ ಪಾಲಿಗೆ ದಾರಿ ಉದ್ದ. ಎರಡೂ ಪಾಲು ಹಿಂಬದಿಯಲ್ಲಿ ಒಟ್ಟಿಗೆ ಕೂಡಬೇಕು, ಅದಕ್ಕೇ ಮೇಲಿನದು ಓಡುತ್ತದೆ, ಓಡಿದ್ದಕ್ಕೆ ಒತ್ತಡ ಇಳಿಯುತ್ತದೆ, ವಿಮಾನ ಏರುತ್ತದೆ. ಕೇಳಲು ಚೆಂದ. ಆದರೆ ಒಟ್ಟಿಗೇ ಕೂಡಬೇಕೆಂದು ಗಾಳಿಗೆ ಅಪ್ಪಣೆ ಕೊಟ್ಟವರು ಯಾರು? ಒಂದೇ ಹೊಲದಿಂದ ಹೊರಟ ಎರಡು ಕಬ್ಬಿನ ಟ್ರ್ಯಾಕ್ಟರ್ ಬೇರೆ ಬೇರೆ ದಾರಿ ಹಿಡಿದು ಉಗಾರದ ಕಾರ್ಖಾನೆ ಗೇಟಿಗೆ ಒಂದೇ ಗಳಿಗೆಗೆ ಮುಟ್ಟಬೇಕೆಂಬ ಕಾನೂನು ಎಲ್ಲೂ ಇಲ್ಲ. ಕೇಂಬ್ರಿಡ್ಜ್‌ನ ಹೋಲ್ಗರ್ ಬಾಬಿನ್ಸ್ಕಿ 2003ರಲ್ಲಿ ರೆಕ್ಕೆಯ ಮೇಲೂ ಕೆಳಗೂ ಹೊಗೆಯ ಎಳೆಗಳನ್ನು ಹಾಯಿಸಿ ಇದನ್ನೇ ತೋರಿಸಿದರು. ಮೇಲಿನ ಹೊಗೆ ಕೆಳಗಿನದಕ್ಕಾಗಿ ಕಾಯಲಿಲ್ಲ. ಎಷ್ಟೋ ಮುಂಚೆಯೇ ಹಿಂಬದಿ ದಾಟಿ ಹೋಯಿತು. ಮೇಲಿನ ಗಾಳಿ ವೇಗವಾಗಿ ಓಡುವುದು ನಿಜ, ಆದರೆ ಅದಕ್ಕೆ ಕಾರಣ ದಾರಿಯ ಉದ್ದವಲ್ಲ.

ರೆಕ್ಕೆ ಮಾಡುವ ಕೆಲಸ ಇಷ್ಟೇ: ತನ್ನನ್ನು ಹಾದುಹೋಗುವ ಗಾಳಿಯನ್ನು ಕೆಳಕ್ಕೆ ತಿರುಗಿಸುವುದು. ಗಾಳಿ ಕೆಳಕ್ಕೆ ಹೋದರೆ ರೆಕ್ಕೆ ಮೇಲಕ್ಕೆ. ತಿರುಗಿಸಲು ಉಬ್ಬು ನೆರವಾಗುತ್ತದೆ, ಆದರೆ ಅದೇ ಬೇಕೆಂದಿಲ್ಲ. ಮೂತಿಯನ್ನು ನಾಲ್ಕೈದು ಡಿಗ್ರಿ ಎತ್ತಿ ಹಿಡಿದರೆ ಚಪ್ಪಟೆ ಹಲಗೆಯೂ ತಿರುಗಿಸುತ್ತದೆ. ವಿಮಾನ ಬೋರಲಾದಾಗ ಪೈಲಟ್ ಮಾಡುವುದೂ ಅದನ್ನೇ. ಸ್ಟಿಕ್ಕನ್ನು ಮುಂದಕ್ಕೆ ಒತ್ತಿ, ಮೂತಿ ಆಕಾಶದ ಕಡೆ ಓರೆಯಾಗುವಂತೆ ಹಿಡಿಯುತ್ತಾನೆ.

ಅಮೆರಿಕದ ಬೆಟ್ಟಿ ಸ್ಕೆಲ್ಟನ್ ಎಂಬಾಕೆ 1940ರ ದಶಕದ ಕೊನೆಯಲ್ಲಿ ‘ಲಿಟಲ್ ಸ್ಟಿಂಕರ್’ ಎಂಬ ಪುಟ್ಟ ಪಿಟ್ಸ್ ವಿಮಾನದಲ್ಲಿ, ನೆಲದಿಂದ ಹತ್ತೇ ಅಡಿ ಎತ್ತರದಲ್ಲಿ ಬೋರಲಾಗಿ ಹಾರಿ ರಿಬ್ಬನ್ ಕತ್ತರಿಸುತ್ತಿದ್ದರು. ಆ ವಿಮಾನದ ರೆಕ್ಕೆಗೆ ಮೇಲೆ ಉಬ್ಬು ಹೆಚ್ಚು, ಕೆಳಗೆ ಕಡಿಮೆ! ಪುಸ್ತಕದ ಕಥೆ ನಿಜವಾಗಿದ್ದರೆ ಆಕೆ ಮೊದಲ ದಿನವೇ ನೆಲಕ್ಕಪ್ಪಳಿಸಬೇಕಿತ್ತು. ಸ್ಮಿತ್ಸೋನಿಯನ್ ಸಂಗ್ರಹಾಲಯದವರು ಆ ವಿಮಾನವನ್ನು ಇವತ್ತಿಗೂ ಬೋರಲಾಗಿಯೇ ತೂಗುಹಾಕಿದ್ದಾರೆ. ಅದನ್ನು ರೂಪಿಸಿದ ಕರ್ಟಿಸ್ ಪಿಟ್ಸ್ 1962ರಲ್ಲಿ ನಕ್ಷೆಗಳನ್ನು ಮಾರಾಟಕ್ಕಿಟ್ಟ ಮೇಲೆ ಎಷ್ಟೋ ಜನ ತಮ್ಮ ಮನೆಯ ಶೆಡ್ಡಿನಲ್ಲೇ ಪಿಟ್ಸ್ ಕಟ್ಟಿದರು. ಮುಂದೆ ಪಿಟ್ಸ್ ಅವರೇ ಈ ವಿಮಾನಕ್ಕೆ ಎರಡೂ ಕಡೆ ಸಮ ಉಬ್ಬಿನ ರೆಕ್ಕೆ ಕೊಟ್ಟರು. ಉಬ್ಬಿನ ರೆಕ್ಕೆಯಲ್ಲೂ ಬೋರಲು ಹಾರಬಹುದಾದರೆ ಈ ಬದಲಾವಣೆ ಯಾತಕ್ಕೆ?

ರೆಕ್ಕೆಯನ್ನು ಅಡ್ಡ ಕೊಯ್ದರೆ ಕಾಣುವ ಆಕಾರವೇ ಏರ್‌ಫಾಯಿಲ್. ಅಮೆರಿಕದ ನಾಕಾ ಸಂಸ್ಥೆ 1930ರ ದಶಕದಲ್ಲಿ ಇವಕ್ಕೆ ನಾಲ್ಕಂಕಿಯ ಹೆಸರಿಟ್ಟಿತು. ಸೆಸ್ನಾ 172ರ ರೆಕ್ಕೆ ನಾಕಾ 2412. ಅಂದರೆ ರೆಕ್ಕೆಯ ಅಗಲದ ಶೇ. 2ರಷ್ಟು ಬಾಗು, ಆ ಬಾಗಿನ ತುದಿ ಮೂತಿಯಿಂದ ಶೇ. 40ರಷ್ಟು ಹಿಂದೆ, ದಪ್ಪ ಶೇ. 12. ಮೊದಲ ಎರಡು ಅಂಕಿ ಸೊನ್ನೆಯಾದರೆ, ಉದಾಹರಣೆಗೆ ನಾಕಾ 0012, ಬಾಗೇ ಇಲ್ಲ. ಮೇಲೂ ಕೆಳಗೂ ಒಂದೇ ಆಕಾರ.

ಈಗ ಲೆಕ್ಕ ನೋಡಿ. ಬಾಗಿರುವ 2412 ಸೊನ್ನೆ ಕೋನದಲ್ಲೂ ಒಂದಿಷ್ಟು ಎತ್ತುತ್ತದೆ. ಅದರ ಎತ್ತುವಿಕೆ ಪೂರ್ತಿ ನಿಲ್ಲಬೇಕಾದರೆ ಮೂತಿಯನ್ನು ಸುಮಾರು 2 ಡಿಗ್ರಿ ತಗ್ಗಿಸಬೇಕು. ಹಾಗಾಗಿ ನೆಟ್ಟಗೆ ಹಾರುವಾಗ 3 ಡಿಗ್ರಿ ಸಾಕಾದರೆ, ಅದೇ ವೇಗದಲ್ಲಿ ಅದೇ ಭಾರ ಹೊತ್ತು ಬೋರಲು ಹಾರಲು 7 ಡಿಗ್ರಿ ಬೇಕು. 0012ಕ್ಕೆ ಎರಡೂ ಕಡೆ 5. ಪೈಲಟ್‌ಗೆ ನೆಟ್ಟಗಿದ್ದಾಗ ಒಂದು ವಿಮಾನ, ಬೋರಲಾದಾಗ ಇನ್ನೊಂದು ವಿಮಾನ ಎನ್ನಿಸುವುದಿಲ್ಲ. ಪಿಟ್ಸ್ ಕೊಳ್ಳಲು ಹೊರಟದ್ದು ಈ ನೆಮ್ಮದಿಯನ್ನು.

ಅದಕ್ಕೆ ಬೆಲೆಯೂ ಇದೆ. ಒಂದೇ ದಪ್ಪದ ಬಾಗಿದ ರೆಕ್ಕೆಯಷ್ಟು ಭಾರವನ್ನು ಸಮ ರೆಕ್ಕೆ ಕಡಿಮೆ ವೇಗದಲ್ಲಿ ಹೊರಲಾರದು. ಇಳಿಯುವಾಗ ವೇಗ ಹೆಚ್ಚು ಬೇಕು, ರನ್‌ವೇ ಉದ್ದ ಬೇಕು. ಜತೆಗೆ ಸ್ಟಾಲ್ ಎಂಬ ಭೂತ ಬೇರೆ. ಕೋನ 15 ಡಿಗ್ರಿಯ ಆಸುಪಾಸು ದಾಟಿತೆಂದರೆ ಗಾಳಿ ರೆಕ್ಕೆಯ ಬೆನ್ನು ಬಿಟ್ಟು ಸಿಡಿಯುತ್ತದೆ, ಎತ್ತುವ ಬಲ ಕುಸಿಯುತ್ತದೆ. ಲಾಗ ಹಾಕುವಾಗ ಮೈಭಾರ ನಾಲ್ಕು ಪಟ್ಟಾದರೆ ಸ್ಟಾಲ್ ಆಗುವ ವೇಗ ಇಮ್ಮಡಿಯಾಗುತ್ತದೆ. ನೆಟ್ಟಗೆ ಹಾರುವಾಗ ಗಂಟೆಗೆ 90 ಕಿ.ಮೀ.ಗೆ ಸ್ಟಾಲ್ ಆಗುವ ವಿಮಾನ ಆಗ 180ರಲ್ಲೇ ಕೈಕೊಡುತ್ತದೆ.

ಗಾಳಿ ಬೆನ್ನು ಬಿಡುವುದೇಕೆ ಎಂಬುದನ್ನು ಬಿಡಿಸಿದವರು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. ರೆಕ್ಕೆಗೆ ಅಂಟಿಕೊಂಡ ತೆಳು ಗಾಳಿಪದರ ಸೋತು ನಿಂತಾಗ ಹೀಗಾಗುತ್ತದೆ ಎಂದು ಅವರು 1904ರಲ್ಲಿ ವಿವರಿಸಿದರು. ಈಗ ನಿಪ್ಪಾಣಿ, ಚಿಕ್ಕೋಡಿಯವರು ಕಿವಿ ನಿಮಿರಿಸಬೇಕು. ಗಟ್ಟಿಂಗೆನ್‌ನಲ್ಲಿ ಆ ಪ್ರಾಂಟ್ಲ್ ಕೈಕೆಳಗೆ ಡಾಕ್ಟರೇಟ್ ಮಾಡಿದ ವಿಷ್ಣು ಮಾಧವ ಘಾಟಗೆ ನಿಮ್ಮ ಗಡಿಯಾಚೆಯ ಕೊಲ್ಲಾಪುರ ಜಿಲ್ಲೆಯ ಹಸೂರಚಂಪು ಊರಿನವರು. ಬೆಂಗಳೂರಿನ ಎಚ್‌ಎಎಲ್ ಸೇರಿ ಅವರು ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಅದು ಲಾಗ ಹಾಕಬಲ್ಲ ವಿಮಾನ. 1964ರಲ್ಲಿ ಹಾರಿದ ಕಿರಣ್ ಜೆಟ್ ಕೂಡ ಅವರ ಮುಂದಾಳತ್ವದ್ದೇ. ಬೀದರ್‌ನ ಸೂರ್ಯಕಿರಣ ತಂಡ 1996ರಲ್ಲಿ ಕಸರತ್ತು ಶುರು ಮಾಡಿದ್ದು ಆ ಕಿರಣ್‌ಗಳಲ್ಲಿ. ಇಷ್ಟು ಹತ್ತಿರದ ಮನುಷ್ಯನ ಹೆಸರು ನಮ್ಮ ಎಷ್ಟು ಶಾಲೆಗಳ ಗೋಡೆಯ ಮೇಲಿದೆ?

ಅದರ ಬದಲು ನಾವು ಭಾಷಣದಲ್ಲಿ ಕೇಳುವುದು ‘ವೈಮಾನಿಕ ಶಾಸ್ತ್ರ’ದ ಹೆಸರು. ಭರದ್ವಾಜ ಮಹರ್ಷಿಗಳ ಕೃತಿ ಎಂದು ಹೇಳಿಕೊಳ್ಳುವ ಆ ಪುಸ್ತಕವನ್ನು ಬರೆಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು, 20ನೇ ಶತಮಾನದ ಆರಂಭದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು 1974ರಲ್ಲಿ ಅದನ್ನು ಪರೀಕ್ಷಿಸಿ, ಅಲ್ಲಿರುವ ಒಂದು ವಿಮಾನವೂ ಹಾರಲಾರದು ಎಂದು ಬರೆದರು. ಪುರಾಣದ ವಿಮಾನಕ್ಕೆ ಸ್ಟಾಲ್ ಇಲ್ಲ, ಏಕೆಂದರೆ ಅದು ಗಾಳಿಯನ್ನು ಮುಟ್ಟುವುದೇ ಇಲ್ಲ. ಗಾಳಿಯನ್ನು ಮುಟ್ಟಿದ್ದು ಘಾಟಗೆಯವರ ವಿಮಾನ.

ಸರಿ ತಮ್ಮಾ, ಈಗ ನಿನ್ನ ರೆಕ್ಕೆ. ಸಮ ಆಕಾರ ಎಂದು ತೀರ್ಮಾನವಾದ ಮೇಲೆ ಉಳಿಯುವುದು ದಪ್ಪ ಮತ್ತು ಮೂತಿ. ತೆಳ್ಳಗಿನ, ಚೂಪು ಮೂತಿಯ ರೆಕ್ಕೆ ಹೇಳದೆ ಕೇಳದೆ ಸ್ಟಾಲ್ ಆಗುತ್ತದೆ. ದಪ್ಪಗಿನ, ದುಂಡು ಮೂತಿಯದು ಹಿಂಬದಿಯಿಂದ ಮೆಲ್ಲಗೆ ಸೋಲುತ್ತ ಮುನ್ಸೂಚನೆ ಕೊಡುತ್ತದೆ. ಪಳಗಿದ ಕಸರತ್ತುಗಾರ ಮೊದಲಿನದರ ಕಡೆಗೆ ವಾಲುತ್ತಾನೆ, ಏಕೆಂದರೆ ಒಂದು ರೆಕ್ಕೆಯನ್ನು ತಟ್ಟನೆ ಸ್ಟಾಲ್ ಮಾಡಿಸಿಯೇ ವಿಮಾನವನ್ನು ಬುಗುರಿಯಾಡಿಸುವುದು. ಹೊಸಬನಿಗೆ ಎರಡನೆಯದೇ ಕ್ಷೇಮ. ಅದರಲ್ಲೂ ಪುಟ್ಟ ಮಾದರಿ ವಿಮಾನ ದೊಡ್ಡದಕ್ಕಿಂತ ಕಡಿಮೆ ಕೋನದಲ್ಲೇ ಸ್ಟಾಲ್ ಆಗುತ್ತದೆ. ಅದಕ್ಕೇ ನಿನಗೆ ನಾಕಾ 0015 ಇರಲಿ.

ರೆಕ್ಕೆ 20 ಸೆಂ.ಮೀ. ಅಗಲವಿದೆ ಎಂದುಕೊಳ್ಳೋಣ. ಪ್ಲೈವುಡ್ ಅಚ್ಚಿನ ಮೇಲೆ ನಡುಗೆರೆ ಎಳೆ. ಮೂತಿಯಿಂದ 6 ಸೆಂ.ಮೀ. ಹಿಂದೆ, ಗೆರೆಯ ಮೇಲೆ 15 ಮಿ.ಮೀ., ಕೆಳಗೆ 15 ಮಿ.ಮೀ. ಗುರುತು ಹಾಕು. ದಪ್ಪದ ತುದಿ ಅದು. ಅರ್ಧದಲ್ಲಿ, 10 ಸೆಂ.ಮೀ.ಗೆ, ಎರಡೂ ಕಡೆ 13 ಮಿ.ಮೀ. ಮೂತಿಯ ದುಂಡಿಗೆ 5 ಮಿ.ಮೀ. ತ್ರಿಜ್ಯ. ಎಲ್ಲ ಕೆಡುವುದು ಇಲ್ಲಿಯೇ. ಬಿಸಿ ತಂತಿಯಲ್ಲಿ ಕೊಯ್ದು ಮರಳುಕಾಗದ ಉಜ್ಜುವಾಗ ಮೂತಿ ಒಂದು ಕಡೆ ಸವೆದರೆ ಸಮ ರೆಕ್ಕೆ ಸಮವಾಗಿ ಉಳಿಯುವುದಿಲ್ಲ. ಅಚ್ಚನ್ನು ತಿರುವಿ ಹಾಕಿ ಮತ್ತೆ ಹೊಂದಿಸಿ ನೋಡು. ಬೆಳಕು ತೂರಿ ಕಂಡ ಕಡೆ ತಿದ್ದು.

ಹಾರಿಸುವಾಗ ಮೊದಲು ಎತ್ತರಕ್ಕೆ ಹೋಗಿ ಬೇಕೆಂದೇ ಸ್ಟಾಲ್ ಮಾಡಿಸಿ ನೋಡು, ಲಾಗ ಆಮೇಲೆ. ಕರೆಂಟಿನ ತಂತಿ, ಜನ, ದನ ಇಲ್ಲದ ಬಯಲು ಆರಿಸಿಕೊ. ಕಬ್ಬಿನ ಗದ್ದೆಯ ಹತ್ತಿರ ಮಾತ್ರ ಬೇಡ. ಅದರೊಳಗೆ ಬಿದ್ದರೆ ವಿಮಾನ ಸಿಗುವುದು ಕಟಾವಿನ ಗ್ಯಾಂಗಿನವರಿಗೇ.